ಜಾವಾ ಎಂಜಿನ್: ಬಿಚ್ಚಬೇಕೆ, ಬಿಡಬೇಕೆ?

ಮೈಸೂರಿನ ವಿಜಯನಗರದ ಯಾವುದಾದರೂ ಮನೆಯ ಕಾಂಪೌಂಡಿನಲ್ಲಿ ಹಳೆಯ ಜಾವಾ ನಿಂತಿದ್ದರೆ, ಅದರ ಎಂಜಿನ್ ಕೆಳಗೊಂದು ರಟ್ಟಿನ ತುಂಡು ಇದ್ದೇ ಇರುತ್ತದೆ. ನೆಲದ ಟೈಲ್ಸ್ ಮೇಲೆ ಎಣ್ಣೆ ಕಲೆಯಾಗದಿರಲಿ ಎಂದು ಮನೆಯವರು ಮಾಡಿದ ಏರ್ಪಾಡು. ಈ ಗಾಡಿಗಳ ತವರು ಹತ್ತಿರದ ಯಾದವಗಿರಿ. ಅಲ್ಲಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಜಾವಾಗಳು ಹೊರಬರತೊಡಗಿದವು. 1973ರಿಂದ ಯೆಜ್ಡಿ ಎಂಬ ಹೆಸರು. 1996ರಲ್ಲಿ ಬಾಗಿಲು ಮುಚ್ಚಿತು. ಗಾಡಿಗಳು ಉಳಿದವು, ಸೋರಿಕೆಯೂ ಉಳಿಯಿತು. ಜೊತೆಗೆ ಮಾಲೀಕರ ನಡುವಿನ ಒಂದು ಹಳೆಯ ಜಗಳವೂ ಉಳಿಯಿತು: ಎಂಜಿನ್ ಪೂರ್ತಿ ಇಳಿಸಿ ಸೀಲು, ಪ್ಯಾಕಿಂಗ್ ಎಲ್ಲ ಹೊಸದು ಹಾಕಿಸಬೇಕೋ, ಇಲ್ಲ ಆಗಾಗ ಎಣ್ಣೆ ತುಂಬಿಸಿಕೊಂಡು ಓಡಿಸಬೇಕೋ?

ಬಿಚ್ಚಿಸಿ ಎನ್ನುವವರ ವಾದ ಸಣ್ಣದಲ್ಲ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಸೀಲಿನ ರಬ್ಬರ್ ತುಟಿ ಒಣಗಿ ಗಡುಸಾಗುತ್ತದೆ, ಕೆಲವೊಮ್ಮೆ ಶಾಫ್ಟಿಗೇ ಅಂಟಿಕೊಂಡು, ಕಿಕ್ ಹೊಡೆದ ಕ್ಷಣ ಹರಿಯುತ್ತದೆ. ಈಗ ಬಂಕಿನಲ್ಲಿ ಸಿಗುವ ಶೇ. 20 ಎಥೆನಾಲ್ ಬೆರೆತ ಪೆಟ್ರೋಲು ಹಳೆಯ ರಬ್ಬರಿಗೆ ಒಗ್ಗುವುದಿಲ್ಲ. ಒಂದು ಸೀಲು ಹೋದರೆ ಮಿಕ್ಕವೂ ಅದೇ ವಯಸ್ಸಿನವು. ಮತ್ತೆ ಮತ್ತೆ ಕೂಲಿ ಕೊಡುವ ಬದಲು ಒಂದೇ ಸಲ ಮುಗಿಸಿಬಿಡಿ ಎನ್ನುತ್ತಾರೆ. ಲೆಕ್ಕ ಸರಿಯಾಗಿಯೇ ಇದೆ.

ಬೇಡ ಎನ್ನುವವರೂ ಅನುಭವಸ್ಥರೇ. ಎಂಜಿನ್ನೂ ಗೇರ್‌ಬಾಕ್ಸೂ ಒಂದೇ ಅಲ್ಯೂಮಿನಿಯಂ ಕೇಸಿಂಗಿನಲ್ಲಿ ಕೂತಿರುವ ಗಾಡಿ ಇದು. ಅವಸರದ ಕೈ ಎರಡು ಹೋಳುಗಳ ನಡುವೆ ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಕೂಡುವ ಅಂಚಿನಲ್ಲಿ ಗೀರು ಬೀಳುತ್ತದೆ, ಆಮೇಲೆ ಯಾವ ಪ್ಯಾಕಿಂಗೂ ಅಲ್ಲಿ ಎಣ್ಣೆ ತಡೆಯದು. ಕೇಸಿಂಗೇ ಒಡೆದರೆ ಇನ್ನೂ ಕಷ್ಟ, ಎಂಜಿನ್ ನಂಬರ್ ಕೆತ್ತಿರುವುದು ಅದರ ಮೇಲೆ. 2021ರಲ್ಲಿ ಕೇಂದ್ರ ಸರ್ಕಾರ ತಂದ ವಿಂಟೇಜ್ ನಿಯಮ ಐವತ್ತು ವರ್ಷ ದಾಟಿದ ವಾಹನ ವಿಂಟೇಜ್ ಎನಿಸಿಕೊಳ್ಳಲು ಮೂಲ ರೂಪದಲ್ಲೇ ಇರಬೇಕೆನ್ನುತ್ತದೆ. ಸೀಲು ಬದಲಿಸಿದರೆ ಮೂಲ ರೂಪ ಕೆಡುವುದಿಲ್ಲ, ಕೇಸಿಂಗ್ ಬದಲಾದರೆ ಮಾತು ಬೇರೆ. ಹೊಸ ಸೀಲು ಹಾಕಿದ ಮಾತ್ರಕ್ಕೆ ಸೋರಿಕೆ ನಿಲ್ಲುತ್ತದೆಂಬ ಭರವಸೆಯೂ ಇಲ್ಲ. ಹಳೆಯ ತುಟಿ ಉಜ್ಜಿ ಉಜ್ಜಿ ಶಾಫ್ಟಿನ ಮೇಲೆ ಉಗುರಿಗೆ ತಾಕುವಷ್ಟು ಗೆರೆ ಬಿದ್ದಿದ್ದರೆ, ಹೊಸದೂ ಅದೇ ಗೆರೆಯಲ್ಲಿ ಕೂತು ಸೋರುತ್ತದೆ.

ನನ್ನ ಮಟ್ಟಿಗೆ ಇಬ್ಬರೂ ರಟ್ಟಿನ ಮೇಲಿನ ಕಲೆ ನೋಡಿ ವಾದಿಸುತ್ತಿದ್ದಾರೆ. ಇದು ಟೂ-ಸ್ಟ್ರೋಕ್, ಪೆಟ್ರೋಲಿಗೆ ಟೂ-ಟಿ ಎಣ್ಣೆ ಬೆರೆಸಿ ಓಡಿಸುವ ಎಂಜಿನ್. ಪಿಸ್ಟನ್ ಮೇಲೇರಿದಾಗ ಕ್ರ್ಯಾಂಕ್ ಕೋಣೆ ಹೊಸ ಮಿಶ್ರಣವನ್ನು ಒಳಗೆಳೆದುಕೊಳ್ಳುತ್ತದೆ. ಎಡಗಡೆ, ಪ್ರೈಮರಿ ಚೈನಿನ ಬದಿಯ ಕ್ರ್ಯಾಂಕ್ ಸೀಲು ಸವೆದಿದ್ದರೆ ಆ ಎಳೆತಕ್ಕೆ ಚೈನ್ ಕೇಸಿನ ಎಣ್ಣೆಯೂ ಒಳಗೆ ಹೋಗಿ ಸುಡುತ್ತದೆ. ಸೈಲೆನ್ಸರಿನಿಂದ ದಟ್ಟ ಬಿಳಿ ಹೊಗೆ, ಪ್ಲಗ್ಗಿಗೆ ಹಸಿ ಮಸಿ, ದಿನೇ ದಿನೇ ಇಳಿಯುವ ಎಣ್ಣೆ ಮಟ್ಟ, ಆದರೆ ನೆಲದ ಮೇಲೆ ಒಂದು ಹನಿಯೂ ಇಲ್ಲ! ಬಲಗಡೆ ಡೈನಮೋ ಬದಿಯ ಸೀಲು ಹೋದರೆ ಎಣ್ಣೆಯ ಬದಲು ಗಾಳಿ ನುಗ್ಗುತ್ತದೆ, ಮಿಶ್ರಣ ತೆಳುವಾಗುತ್ತದೆ, ಎಂಜಿನ್ ಕಾಯುತ್ತದೆ, ಒಂದು ದಿನ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಈ ಎರಡು ಸೀಲುಗಳ ವಿಷಯದಲ್ಲಿ ನಾನು ಬಿಚ್ಚುವವರ ಪಕ್ಷ, ಎರಡನ್ನೂ ಒಟ್ಟಿಗೇ ಬದಲಿಸಿ.

ಉಳಿದ ಸೋರಿಕೆಗಳಿಗೆ ಅಷ್ಟು ಗಾಬರಿ ಬೇಡ. ಮೊದಲು ಎಂಜಿನ್ನನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಮೈಗೆ ಹಚ್ಚುವ ಪೌಡರನ್ನೇ ಉದುರಿಸಿ ಒಂದು ಸುತ್ತು ಹೋಗಿಬನ್ನಿ. ಎಲ್ಲಿ ಒದ್ದೆ ಗೆರೆ ಮೂಡುತ್ತದೋ ಅಲ್ಲೇ ಕಳ್ಳ. ಗಾಡಿ ಓಡುವಾಗ ಗಾಳಿಗೆ ಎಣ್ಣೆ ಹಿಂದಕ್ಕೆ ಹರಡುವುದರಿಂದ ಹನಿ ಬೀಳುವ ಜಾಗವೇ ಸೋರುವ ಜಾಗವಲ್ಲ. ಕಿಕ್ಕಿಗೂ ಗೇರಿಗೂ ಒಂದೇ ಲಿವರ್ ಇರುವ ಗಾಡಿಯಲ್ಲಿ ಆ ಶಾಫ್ಟಿನ ಬುಡವನ್ನು ವಿಶೇಷವಾಗಿ ನೋಡಬೇಕು. ಎಣ್ಣೆ ಮಟ್ಟ ಮೀರಿ ತುಂಬಿದ್ದರೆ, ಗೇರ್‌ಬಾಕ್ಸ್ ಉಸಿರಾಡುವ ರಂಧ್ರ ಮಣ್ಣಿನಿಂದ ಕಟ್ಟಿದ್ದರೆ, ಒಳಗಿನ ಒತ್ತಡಕ್ಕೆ ಒಳ್ಳೆಯ ಸೀಲೂ ಸೋರುತ್ತದೆ. ಕಟ್ಟಿದ ರಂಧ್ರ ಬಿಡಿಸಲು ಬೇಕಿರುವುದು ಬರೀ ಒಂದು ತಂತಿ ತುಂಡು.

ಸಿಲಿಕಾನ್ ಪೇಸ್ಟ್ ಬಳಿಯುವವರ ಕುರಿತು ಒಂದು ಮಾತು. ಎಡಗಡೆಯ ಕವರಿಗೆ ಪೇಪರ್ ಪ್ಯಾಕಿಂಗ್ ಜೊತೆ ತೆಳ್ಳಗೆ ಸವರಿದರೆ ತಪ್ಪೇನಿಲ್ಲ. ಕ್ರ್ಯಾಂಕ್‌ಕೇಸಿನ ಜೋಡಣೆಗೆ ಬೇಡ. ಪೆಟ್ರೋಲು ತಾಕಿದರೆ ಸಾಮಾನ್ಯ ಸಿಲಿಕಾನ್ ಉಬ್ಬಿ ಕಿತ್ತುಬರುತ್ತದೆ.

ಬಿಡಿ ಎನ್ನುವವರಿಗೂ ನಾನು ಪೂರ್ತಿ ಸೈ ಎನ್ನಲಾರೆ. ಭಾನುವಾರ ಗೋಕುಲಂವರೆಗೆ ಹೋಗಿ ಬರುವ ಗಾಡಿ ತಿಂಗಳಿಗೆ ಒಂದಿಷ್ಟು ಹನಿ ಸುರಿಸಿದರೆ ರಟ್ಟು ಸಾಕು. ಆದರೆ ಎಣ್ಣೆ ಹಿಂದಿನ ಟೈರಿಗೆ ಹಾರುತ್ತಿದ್ದರೆ, ಮಳೆ ಬಿದ್ದ ಹುಣಸೂರು ರಸ್ತೆಯಲ್ಲಿ ಜಾರುವವರು ನೀವೊಬ್ಬರೇ ಆಗಿರಬೇಕಿಲ್ಲ, ಹಿಂದೆ ಸ್ಕೂಟರಿನಲ್ಲಿ ಬರುವವರೂ ಆಗಬಹುದು. ಅಂಥ ಗಾಡಿಯನ್ನು ಸರಿಮಾಡಿಸುವವರೆಗೆ ರಸ್ತೆಗೆ ಇಳಿಸಬಾರದು.