ಕೀಲಿ ಹಾಕಿದ ಅಂಗಡಿಗೂ ಕರೆಂಟ್ ಬಿಲ್

ಹುಬ್ಬಳ್ಳಿ-ಧಾರವಾಡದ ಮನೆಮಂದಿಗೆ, ಅಂಗಡಿಕಾರರಿಗೆ



ಈ ಕರಪತ್ರ ಮಡಚಿ ಜೇಬಿಗೆ ಹಾಕುವ ಮುಂಚೆ ಒಂದು ಕೆಲಸ ಮಾಡಿ. ಮೊಳೆಗೆ ಸಿಕ್ಕಿಸಿಟ್ಟ ಹೋದ ತಿಂಗಳ ಕರೆಂಟ್ ಬಿಲ್ ಕೈಗೆ ತಗೊಳ್ಳಿ. ನಾವೆಲ್ಲ ಅದರಲ್ಲಿ ನೋಡುವುದು ಎರಡೇ: ಎಷ್ಟು ಯೂನಿಟ್ ಓಡಿತು, ಎಷ್ಟು ರೂಪಾಯಿ ಕಟ್ಟಬೇಕು. ಇವೆರಡರ ನಡುವೆ ‘ನಿಗದಿತ ಶುಲ್ಕ’ ಅಂತ ಒಂದು ಸಾಲಿದೆ. ನಮ್ಮ ತಕರಾರು ಆ ಸಾಲಿನ ಮೇಲೆ.

2025ರ ಏಪ್ರಿಲ್ 1ರಿಂದ ಹೊಸ ದರ ಜಾರಿಯಾದಾಗ ‘ಕರೆಂಟ್ ದರ ಇಳಿಕೆ’ ಎಂದು ಸುದ್ದಿಯಾಯಿತು. ಸುದ್ದಿ ಸುಳ್ಳಲ್ಲ. ಮನೆಗಳಿಗೆ ಯೂನಿಟ್‌ಗೆ 5 ರೂಪಾಯಿ 90 ಪೈಸೆ ಇದ್ದದ್ದು 5.80 ಆಯಿತು. ಅಂಗಡಿಗಳಿಗೆ 8 ರೂಪಾಯಿ ಇದ್ದದ್ದು 7ಕ್ಕೆ ಬಂತು. ಸಣ್ಣ ಕೈಗಾರಿಕೆಗಳಿಗೆ 6.10ರಿಂದ 4.50ಕ್ಕೆ ಇಳಿಯಿತು, ಗೋಕುಲ ರಸ್ತೆ, ತಾರಿಹಾಳದ ಕಾರ್ಖಾನೆಗಳವರಿಗೆ ಅದರಿಂದ ನಿಜವಾಗಿಯೂ ಅನುಕೂಲವಾಗಿದೆ. ಅದನ್ನು ಮುಚ್ಚಿಟ್ಟು ಮಾತಾಡಿದರೆ ನಮ್ಮ ಮಾತಿಗೆ ಬೆಲೆ ಇರುವುದಿಲ್ಲ.

ಆದರೆ ಅದೇ ದಿನ ಮನೆಯ ನಿಗದಿತ ಶುಲ್ಕ ಮಂಜೂರಾದ ಲೋಡಿನ ಪ್ರತಿ ಕಿಲೋವ್ಯಾಟ್‌ಗೆ 120 ರೂಪಾಯಿಯಿಂದ 145ಕ್ಕೆ ಏರಿತು. ಅಂಗಡಿಯದು 210ರಿಂದ 215. ಜೊತೆಗೆ ವಿದ್ಯುತ್ ಕಂಪನಿಗಳ ನೌಕರರ ಪಿಂಚಣಿ-ಗ್ರಾಚ್ಯುಟಿಗೆಂದು ಯೂನಿಟ್‌ಗೆ 36 ಪೈಸೆ ಸೇರಿತು.

3 ಕಿಲೋವ್ಯಾಟ್ ಮಂಜೂರಾದ ಮನೆಯೊಂದರಲ್ಲಿ ತಿಂಗಳಿಗೆ 250 ಯೂನಿಟ್ ಓಡುತ್ತದೆ ಎನ್ನಿ. ತೆರಿಗೆ, ಇಂಧನ ಹೊಂದಾಣಿಕೆ ಎರಡನ್ನೂ ಬದಿಗಿಟ್ಟು ಲೆಕ್ಕ ಹಾಕೋಣ. ಹಳೆಯ ದರದಲ್ಲಿ 1,835 ರೂಪಾಯಿ. ‘ಇಳಿದ’ ದರದಲ್ಲಿ 1,975. ಹತ್ತು ಪೈಸೆ ಇಳಿಕೆಯಿಂದ ಉಳಿದದ್ದು 25 ರೂಪಾಯಿ. ನಿಗದಿತ ಶುಲ್ಕದಿಂದ 75, ಪಿಂಚಣಿ ಬಾಬ್ತಿನಿಂದ 90 ಹೆಚ್ಚಾಯಿತು. ಇದಕ್ಕೆ ಇಳಿಕೆ ಅಂತ ಹೆಸರು!

ಅಂಗಡಿಯ ಲೆಕ್ಕ ಇನ್ನೂ ವಿಚಿತ್ರ. ದುರ್ಗದಬೈಲಿನಂಥ ಪೇಟೆಯಲ್ಲಿ ಒಂದು ಬಳೆ ಅಂಗಡಿ ಇದೆ ಎಂದುಕೊಳ್ಳಿ. ಎರಡು ಟ್ಯೂಬ್‌ಲೈಟ್, ಒಂದು ಫ್ಯಾನ್. ತಿಂಗಳಿಗೆ 40 ಯೂನಿಟ್. ಹಿಂದೆ ಆ ಜಾಗದಲ್ಲಿ ಐಸ್‌ಕ್ರೀಂ ಮಾರುತ್ತಿದ್ದರು, ಫ್ರೀಜರ್‌ಗಾಗಿ 2 ಕಿಲೋವ್ಯಾಟ್ ಮಂಜೂರು ಮಾಡಿಸಿದ್ದರು. ಅದು ಹಾಗೇ ಮುಂದುವರಿದಿದೆ. 2025ರ ದರದಲ್ಲಿ ಅಂಗಡಿಯಾಕೆ ಸುಟ್ಟ ಕರೆಂಟಿಗೆ 280 ರೂಪಾಯಿ, ನಿಗದಿತ ಶುಲ್ಕ 430, ಪಿಂಚಣಿ ಬಾಬ್ತು 14 ರೂಪಾಯಿ 40 ಪೈಸೆ. ಒಟ್ಟು 724.40. ಅಂದರೆ ಯೂನಿಟ್‌ಗೆ 18 ರೂಪಾಯಿಗಿಂತ ಹೆಚ್ಚು! ಅಷ್ಟೇ ಲೋಡ್ ಇರುವ ಪಕ್ಕದ ಅಂಗಡಿಯಲ್ಲಿ 400 ಯೂನಿಟ್ ಓಡಿದರೆ ಅವರಿಗೆ ಯೂನಿಟ್ ಬೀಳುವುದು ಸುಮಾರು 8 ರೂಪಾಯಿ 43 ಪೈಸೆ. ಯೂನಿಟ್‌ಗೆ ಒಂದು ರೂಪಾಯಿ ಇಳಿಸಿದರಲ್ಲ, ಅದರಿಂದ, ಏರಿಕೆಗಳನ್ನು ಕಳೆದು, ಪಕ್ಕದವರಿಗೆ ತಿಂಗಳಿಗೆ 246 ರೂಪಾಯಿ ಉಳಿಯಿತು. ಬಳೆ ಅಂಗಡಿಯಾಕೆಗೆ ಉಳಿದದ್ದು 15 ರೂಪಾಯಿ 60 ಪೈಸೆ. ಎರಡು ಚಹಾದ ದುಡ್ಡು. ಆಕೆ ಮಗಳ ಬಾಣಂತನಕ್ಕೆಂದು ಅವಳ ಊರಿಗೆ ಹೋಗಿ ತಿಂಗಳಿಡೀ ಅಂಗಡಿಗೆ ಕೀಲಿ ಹಾಕಿದರೂ 430 ತಪ್ಪದು.

ನಿಗದಿತ ಶುಲ್ಕವೇ ಬೇಡ ಎನ್ನುತ್ತಿಲ್ಲ ನಾವು. ಕಂಬ, ತಂತಿ, ಟ್ರಾನ್ಸ್‌ಫಾರ್ಮರ್, ನಡುರಾತ್ರಿ ಮಳೆಯಲ್ಲಿ ಕಂಬ ಹತ್ತುವ ಲೈನ್‌ಮನ್, ಇವಕ್ಕೆಲ್ಲ ಖರ್ಚಿದೆ. ಉತ್ಪಾದನಾ ಘಟಕಗಳ ಜೊತೆಗಿನ ಒಪ್ಪಂದಗಳಲ್ಲೂ ಕರೆಂಟ್ ತಗೊಂಡರೂ ಬಿಟ್ಟರೂ ಕೊಡಲೇಬೇಕಾದ ಮೊತ್ತ ಇರುತ್ತದೆ. ಆ ಭಾರ ಯಾರಾದರೂ ಹೊರಲೇಬೇಕು. ನಮ್ಮ ಪ್ರಶ್ನೆ, ಅದನ್ನು ಹಂಚುವ ಅಳತೆಗೋಲಿನದು. ಎಂದೋ ಅರ್ಜಿಯಲ್ಲಿ ಬರೆದ ಕಿಲೋವ್ಯಾಟ್ ನೋಡಿ ಹಂಚುವುದೇ? ಈಗಿನ ಡಿಜಿಟಲ್ ಮೀಟರ್ ಒಂದು ಸಲಕ್ಕೆ ನೀವು ಗರಿಷ್ಠ ಎಷ್ಟು ಎಳೆದಿರಿ ಎಂಬುದನ್ನೂ ದಾಖಲಿಸುತ್ತದೆ. ಅದು ಮಂಜೂರಾದ ಲೋಡ್ ಮೀರಿದರೆ ನೋಟಿಸ್ ಬರುತ್ತದೆ. ಕಡಿಮೆಯಿದ್ದರೆ ‘ನಿಮ್ಮ ಲೋಡ್ ಇಳಿಸಿಕೊಳ್ಳಿ’ ಎಂಬ ಪತ್ರ ನಿಮಗೆ ಯಾವತ್ತಾದರೂ ಬಂದದ್ದುಂಟೇ?

ಮನೆಯ ನಿಗದಿತ ಶುಲ್ಕ 2023ರಲ್ಲಿ 110, 2024ರಲ್ಲಿ 120, 2025ರಲ್ಲಿ 145. 2023ರಲ್ಲಿ 100 ಯೂನಿಟ್ ದಾಟಿದವರಿಗೆ 7 ರೂಪಾಯಿ ದರ ಬಂದಾಗ ನಮ್ಮ ಊರೂ ಎದ್ದು ನಿಂತಿತು. ದರ ಏರಿಕೆ ವಿರೋಧಿಸಿ ಆ ವರ್ಷದ ಜೂನ್ 22ರ ಬಂದ್‌ಗೆ ಕರೆ ಕೊಟ್ಟದ್ದು ಹುಬ್ಬಳ್ಳಿಯ ಕರ್ನಾಟಕ ವಾಣಿಜ್ಯೋದ್ಯಮ ಸಂಸ್ಥೆ. ಮುಂದಿನ ವರ್ಷ ಯೂನಿಟ್ ದರ 5.90ಕ್ಕೆ ಇಳಿಯಿತು. ಕೂಗಿದ್ದು ಯೂನಿಟ್ ದರದ ಬಗ್ಗೆ, ಇಳಿದದ್ದೂ ಅದೇ. ನಿಗದಿತ ಶುಲ್ಕದ ಬಗ್ಗೆ ಅಷ್ಟು ಜೋರಾಗಿ ಕೂಗಿದವರಿಲ್ಲ, ಅದು ಸದ್ದಿಲ್ಲದೆ ಏರುತ್ತಾ ಬಂತು.

‘ನಮಗೆ ಗೃಹಜ್ಯೋತಿ ಐತ್ರಿ, ಬಿಲ್ ಸೊನ್ನೆ, ನಮಗ್ಯಾಕ ಇದೆಲ್ಲ?’ ಎನ್ನುವ ಮನೆಗಳು ಪ್ರತಿ ಓಣಿಯಲ್ಲೂ ಇವೆ. 2023ರ ಜುಲೈನಿಂದ ನಡೆದಿರುವ ಆ ಯೋಜನೆಯಿಂದ ಎಷ್ಟೋ ಮನೆಗಳ ಸಂಸಾರಕ್ಕೆ ಆಸರೆಯಾಗಿದೆ, ನಿಜ. ಆದರೆ ಏಪ್ರಿಲ್-ಮೇ ತಿಂಗಳ ಬಿಸಿಲು ನಮಗೆ ಗೊತ್ತಿಲ್ಲವೇ? ಕೂಲರ್ ಓಡಿ ಯೂನಿಟ್ ಯೋಜನೆಯ ಗರಿಷ್ಠ ಮಿತಿಯಾದ 200ರ ಬದಲು 201 ಆಯಿತು ಎನ್ನಿ. ಆ ಒಂದು ಯೂನಿಟ್‌ಗಷ್ಟೇ ದುಡ್ಡು ಕಟ್ಟಿದರೆ ಸಾಲದು, ಪೂರ್ತಿ ಬಿಲ್ ಕಟ್ಟಬೇಕು: 3 ಕಿಲೋವ್ಯಾಟ್ ಮನೆಗೆ 2025ರ ದರದಲ್ಲಿ ತೆರಿಗೆ, ಇಂಧನ ಹೊಂದಾಣಿಕೆ ಬಿಟ್ಟು 1,673 ರೂಪಾಯಿ. ಅದರಲ್ಲಿ 435 ನಿಗದಿತ ಶುಲ್ಕ. ಅದೂ ಅಲ್ಲದೆ, ಮನೆಯ ಮುಂದಿನ ಕೋಣೆಯಲ್ಲಿ ಕಿರಾಣಿ ಅಂಗಡಿ ಇಟ್ಟವರ ಎರಡನೇ ಮೀಟರಿಗೆ ಸೊನ್ನೆ ಬಿಲ್ ಇಲ್ಲ.

ನಾವು ಕೇಳುವುದು ಇಷ್ಟು. ಸಣ್ಣ ಗ್ರಾಹಕರಿಗೆ ನಿಗದಿತ ಶುಲ್ಕವನ್ನು ಮೀಟರ್ ದಾಖಲಿಸಿದ ಬೇಡಿಕೆಯ ಮೇಲೆ ಹಾಕಲಿ, ಕಾಗದದ ಮೇಲಿನ ಲೋಡ್ ಮೇಲೆ ಬೇಡ. ಮೊದಲ ಕಿಲೋವ್ಯಾಟ್‌ಗೆ ದರ ಕಡಿಮೆ ಇರಲಿ. ಇದರಿಂದ ಕಂಪನಿಗೆ ಕೊರತೆ ಬಿದ್ದರೆ ಯೂನಿಟ್ ದರದಲ್ಲಿ ಒಂದಿಷ್ಟು ಪೈಸೆ ಸೇರಿಸಲಿ. ಹೆಚ್ಚು ಸುಡುವವರು ಹೆಚ್ಚು ಕೊಡಲಿ. ಪಿಂಚಣಿ ಬಾಬ್ತನ್ನು ಯೂನಿಟ್ ಲೆಕ್ಕದಲ್ಲಿ ವಸೂಲಿ ಮಾಡಲು ಬರುತ್ತದೆ ಅಂದಮೇಲೆ ಇದನ್ನೂ ಮಾಡಲು ಬರುತ್ತದೆ.

ಇದನ್ನು ಕೌಂಟರಿನಲ್ಲಿ ಬಿಲ್ ಕಟ್ಟಿಸಿಕೊಳ್ಳುವ ಹುಡುಗನ ಮುಂದೆ ಹೇಳಿ ಉಪಯೋಗವಿಲ್ಲ, ಮೀಟರ್ ಓದಲು ಬಂದವನ ಮೇಲೆ ಹರಿಹಾಯುವುದಂತೂ ತಪ್ಪು. ದರ ನಿಗದಿ ಮಾಡುವುದು ನಮಗೆ ಕರೆಂಟ್ ಕೊಡುವ ಕಂಪನಿಯಾದ ಹೆಸ್ಕಾಂ ಅಲ್ಲ, ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ. ಕಂಪನಿ ದರದ ಅರ್ಜಿ ಹಾಕಿದಾಗ ಅದನ್ನು ಪ್ರಕಟಿಸಬೇಕು, ಸಾರ್ವಜನಿಕರ ಸಲಹೆ-ಆಕ್ಷೇಪ ಪರಿಗಣಿಸಿಯೇ ಆಯೋಗ ಆದೇಶ ಹೊರಡಿಸಬೇಕು ಎಂದು 2003ರ ವಿದ್ಯುತ್ ಕಾಯ್ದೆಯ 64ನೇ ಸೆಕ್ಷನ್ ಹೇಳುತ್ತದೆ. ಆ ಪ್ರಕಟಣೆ ಪತ್ರಿಕೆಯಲ್ಲಿ ಸಣ್ಣ ಅಕ್ಷರದಲ್ಲಿ ಬರುತ್ತದೆ. ಕಣ್ಣಿಡಿ. ಆಕ್ಷೇಪ ಬರೆಯಲು ವಕೀಲರೇ ಬೇಕೆಂದಿಲ್ಲ. ನಿಮ್ಮ ಆರ್‌ಆರ್ ನಂಬರ್, ಮೇಲಿನಂಥ ಲೆಕ್ಕ, ಒಂದು ಸಹಿ ಇರಲಿ.

ಅಲ್ಲಿಯವರೆಗೆ ಕೈಯಲ್ಲಿರುವ ಕೆಲಸವೊಂದಿದೆ. ಬಿಲ್ಲಿನಲ್ಲಿ ಮಂಜೂರಾದ ಲೋಡ್ ನೋಡಿ, ಒಂದು ವರ್ಷದ ಗರಿಷ್ಠ ಬೇಡಿಕೆಯ ಜೊತೆ ಹೋಲಿಸಿ. ಬಹಳ ಅಂತರವಿದ್ದರೆ ಲೋಡ್ ಇಳಿಸಲು ನಿಮ್ಮ ಉಪವಿಭಾಗದ ಕಚೇರಿಯಲ್ಲಿ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. ಗಡಿಬಿಡಿ ಮಾತ್ರ ಬೇಡ: ನೀರು ಕಾಯಿಸುವ ಗೀಸರ್ ಒಂದೇ ಸಾಮಾನ್ಯವಾಗಿ 2 ಕಿಲೋವ್ಯಾಟ್ ಎಳೆಯುತ್ತದೆ. ಗೀಸರ್, ನೀರಿನ ಪಂಪು, ಇಸ್ತ್ರಿ ಪೆಟ್ಟಿಗೆ ಬೆಳಿಗ್ಗೆ ಒಟ್ಟಿಗೇ ಓಡುವ ಮನೆಯವರು ಮೊದಲು ಕೂಡಿಸಿ ನೋಡಿ, ಆಮೇಲೆ ಅರ್ಜಿ ಬರೆಯಿರಿ.