ಎಲುಬಿನ ಖಾತೆ

ಮಕ್ಕಳೇ, ಹೋದ ತಿಂಗಳು ನನ್ನ ಮೊಮ್ಮಗ ಬೇವಿನ ಮರದಿಂದ ಬಿದ್ದು ಮುಂಗೈ ಎಲುಬು ಮುರಿದುಕೊಂಡ. ಪ್ಲಾಸ್ಟರ್ ಹಾಕಿಸಿಕೊಂಡು ಸಂಶಿಗೆ ಮರಳುವಾಗ ಕೇಳಿದ: "ಅಜ್ಜಾ, ಎಲುಬು ಕಬ್ಬಿಣದ್ದ ಇದ್ದಿದ್ರ ಚಲೋ ಇತ್ತಲ್ಲ?"

"ಇದ್ದಿದ್ರ ನಿನಗ ಮರ ಹತ್ತಾಕ ಆಗ್ತಿರಲಿಲ್ಲೋ" ಅಂದೆ. ಒಂದೇ ಗಾತ್ರದ ಉಕ್ಕು ಎಲುಬಿಗಿಂತ ಸುಮಾರು ನಾಲ್ಕು ಪಟ್ಟು ಭಾರ. ಮನೆಯ ಸ್ಲ್ಯಾಬಿನಲ್ಲಿ ಕಾಂಕ್ರೀಟು ಒತ್ತಡ ತಾಳುತ್ತದೆ, ಒಳಗಿನ ಸರಳು ಎಳೆತ ತಾಳುತ್ತದೆ. ಎಲುಬಿನಲ್ಲೂ ಹಾಗೆಯೇ: ಕ್ಯಾಲ್ಸಿಯಂ-ರಂಜಕದ ಲವಣ ಗಡಸುತನ ಕೊಡುತ್ತದೆ, ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳು ಸುಲಭವಾಗಿ ಸೀಳದಂತೆ ಹಿಡಿದಿಡುತ್ತವೆ.

ಬಿರುಕು ಬಿಟ್ಟ ಸ್ಲ್ಯಾಬಿಗೆ ಗೌಂಡಿ ಬರಬೇಕು. ಎಲುಬಿನೊಳಗೆ ಗೌಂಡಿಗಳು ಸದಾ ಇರುತ್ತಾರೆ! ಕೆಲವು ಜೀವಕೋಶಗಳು ಹಳೆಯದನ್ನು ಕೆಡವುತ್ತವೆ, ಕೆಲವು ಹೊಸದನ್ನು ಕಟ್ಟುತ್ತವೆ. ಪ್ಲಾಸ್ಟರ್ ಅಲುಗದಂತೆ ಹಿಡಿದಿರುತ್ತದೆ, ಅಷ್ಟೇ.

ಬ್ಯಾಂಕಿನವನಾಗಿ ಇನ್ನೊಂದು ಮಾತು. ದೇಹದ ಕ್ಯಾಲ್ಸಿಯಂನಲ್ಲಿ ನೂರಕ್ಕೆ 99 ಪಾಲು ಎಲುಬು, ಹಲ್ಲುಗಳಲ್ಲೇ ಜಮಾ. ರಕ್ತಕ್ಕೆ ಕಡಿಮೆ ಬಿದ್ದರೆ ಎಲುಬಿನಿಂದಲೇ ಡ್ರಾ. ಸುಮಾರು 30 ವರ್ಷದವರೆಗೆ ಜಮಾ ಹೆಚ್ಚು. ವಯಸ್ಸಾದಂತೆ ಖರ್ಚು ಹೆಚ್ಚು. ಎಲ್ಲರಿಗೂ ಹಾಲು ಕೊಟ್ಟು ತಾನು ಬರೀ ಕರಿ ಚಹಾ ಕುಡಿದವಳು ನಮ್ಮ ಮನೆಯಾಕೆ. ಈಗ ಅವಳ ಬೆನ್ನು ಬಾಗಿದೆ.

ಹಾಲು, ಮಜ್ಜಿಗೆ, ರಾಗಿ, ಬಿಸಿಲಲ್ಲಿ ಆಟ: ಈಗಲೇ ಜಮಾ ಮಾಡಿರಿ. ಅವ್ವನ ಲೋಟದಲ್ಲೂ ಹಾಲಿದೆಯೇ, ನೋಡಿರಿ.