ಕೀಲು ಜರುಗಿತೇ?

ಹೋದ ವರ್ಷದ ಮಾತು. ಎರಡನೆಯ ಬಾಣಂತನ ಮುಗಿದು ನಾಲ್ಕು ತಿಂಗಳಾದರೂ ನಮ್ಮ ಮನೆಯವಳ ಸೊಂಟನೋವು ಹೋಗಲಿಲ್ಲ. ಕುಳಿತು ಏಳುವಾಗ ಬಲಗಡೆ, ಬೆನ್ನಿನ ಕೆಳಗೆ ಕುಳಿ ಬೀಳುವ ಜಾಗದಲ್ಲಿ, ಚಳುಕು.

ಪರೀಕ್ಷಿಸಿದವರೊಬ್ಬರು ಅವಳನ್ನು ನಿಲ್ಲಿಸಿ, ಆ ಕುಳಿಗಳ ಮೇಲೆ ಹೆಬ್ಬೆರಳಿಟ್ಟು, ಬಾಗಿಸಿ, ಮೊಣಕಾಲೆತ್ತಿಸಿ ನೋಡಿ, “ಬಲಗಡೆಯ ಕೀಲು ಜರುಗಿ ಬಿಗಿದಿದೆ” ಎಂದರು. ವಾರದ ಮೇಲೆ ಇನ್ನೊಬ್ಬರು ಅದೇ ಪರೀಕ್ಷೆ ಮಾಡಿ, “ಎಡಗಡೆಯದು” ಎಂದರು. ನಮ್ಮವಳಿಗೆ ಉಳಿದದ್ದು ಭಯವೊಂದೇ. ಮೂಳೆ ಇನ್ನಷ್ಟು ಜರುಗೀತೆಂದು ಮಗುವನ್ನೇ ಎತ್ತಿಕೊಳ್ಳದಾದಳು. ಬಾಣಂತನಕ್ಕೆ ಬಂದಿದ್ದ ಅತ್ತೆಯವರು ಊರಿಗೆ ಹಿಂದಿರುಗಿದ್ದರು. ಮಗು ಅತ್ತರೆ ನಾನು ಎತ್ತಬೇಕು, ಇಲ್ಲವೇ ನೆರೆಮನೆಯವರು.

ಒಂದೇ ಕಡತದ ಮೇಲೆ ಇಬ್ಬರು ಎರಡು ಬಗೆಯಾಗಿ ಟಿಪ್ಪಣಿ ಬರೆದರೆ ಮೂಲ ಕಾಗದ ತೆಗೆದು ನೋಡುವುದು ನಮ್ಮ ಕಛೇರಿಯ ಪದ್ಧತಿ. ಇಲ್ಲಿಯೂ ಹಾಗೆಯೇ ಮಾಡಿದೆ. ತಿಳಿದದ್ದನ್ನು ವಾಚಕರ ಮುಂದಿಡುತ್ತೇನೆ.

ಬೆನ್ನೆಲುಬಿನ ಬುಡದ ತ್ರಿಕಾಸ್ಥಿಯೂ ಸೊಂಟದ ಮೂಳೆಯೂ ಕೂಡುವೆಡೆಗೆ ಸ್ಯಾಕ್ರೋಇಲಿಯಾಕ್ ಕೀಲೆಂದು ಹೆಸರು. ಗಟ್ಟಿ ಕಟ್ಟುಗಳಿಂದ ಬಿಗಿದ ಈ ಕೀಲು ಮೊಣಕಾಲಿನಂತೆ ಮಡಚುವಂಥದಲ್ಲ. ಸ್ವೀಡನ್ನಿನ ಸ್ಟುರೆಸನ್ ಮತ್ತು ಸಂಗಡಿಗರು ರೋಗಿಗಳ ಮೂಳೆಯಲ್ಲಿ ಪುಟ್ಟ ಲೋಹದ ಗುಂಡುಗಳನ್ನಿಟ್ಟು, ಎಕ್ಸ್‌-ರೇಯಿಂದ ಅದರ ಚಲನೆಯನ್ನು ಅಳೆದು 1989ರಲ್ಲಿ ಪ್ರಕಟಿಸಿದರು. ತಿರುಗುವುದು ಸರಾಸರಿ 2.5 ಡಿಗ್ರಿ, ಸರಿಯುವುದು 1 ಮಿಲಿಮೀಟರಿಗೂ ಕಡಿಮೆ. ಚರ್ಮ, ಕೊಬ್ಬು, ಸ್ನಾಯುಗಳ ಮೇಲಿಟ್ಟ ಹೆಬ್ಬೆರಳಿಗೆ ಇದು ತಿಳಿಯುವುದೆಂತು? ಒಬ್ಬರಿಗೆ ಬಲವೆನಿಸಿದ್ದು ಮತ್ತೊಬ್ಬರಿಗೆ ಎಡವೆನಿಸಿದರೆ ಅದು ಮೋಸವಲ್ಲ, ಪರೀಕ್ಷೆಯ ಮಿತಿ.

ಇದಕ್ಕಿಂತ ನಂಬಬಹುದಾದವು, ಕೀಲಿನ ಮೇಲೆ ಒತ್ತಡ ಹಾಕಿ ನೋವನ್ನು ಕೆಣಕಿ ನೋಡುವ ಪರೀಕ್ಷೆಗಳು: ಅಂಗಾತ ಮಲಗಿಸಿ ತೊಡೆಯನ್ನು ನೆಟ್ಟಗೆತ್ತಿ ಕೆಳಕ್ಕೊತ್ತುವುದು, ಪಕ್ಕಕ್ಕೆ ಮಲಗಿಸಿ ಸೊಂಟವನ್ನೊತ್ತುವುದು, ಬೋರಲು ಮಲಗಿಸಿ ತ್ರಿಕಾಸ್ಥಿಯನ್ನೊತ್ತುವುದು ಮುಂತಾದವು. ಇಲ್ಲಿಯೂ ಒಂದನ್ನೇ ನಂಬತಕ್ಕದ್ದಲ್ಲ. ಮೂರು ಅಥವಾ ಹೆಚ್ಚು ಪರೀಕ್ಷೆಗಳಲ್ಲಿ ರೋಗಿಯ ಅದೇ ಹಳೆಯ ನೋವು ಮರುಕಳಿಸಿದರೆ ಈ ಕೀಲಿನ ಮೇಲೆ ಅನುಮಾನ ಬಲವಾಗುತ್ತದೆ. ಒಂದರಲ್ಲೂ ಬಾರದಿದ್ದರೆ ಕಾರಣವನ್ನು ಬೇರೆಡೆ ಹುಡುಕಬೇಕು. ಇವನ್ನು ತಿಳಿದವರೇ ಮಾಡಬೇಕು, ಮನೆಯಲ್ಲಲ್ಲ. ಬೆನ್ನುನೋವಿನೊಡನೆ ಜ್ವರ ಬಂದರೆ, ಕಾಲಿನ ಬಲ ಅಥವಾ ಮೂತ್ರದ ಹಿಡಿತ ತಪ್ಪಿದರೆ, ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.

ಮೂರನೆಯ ಸಲ ನೋಡಿದ ವೈದ್ಯೆ ಹೀಗೆ ಪರೀಕ್ಷಿಸಿ, “ನೋವು ಈ ಕೀಲಿನದೇ ಇರಬಹುದಮ್ಮ, ಆದರೆ ಯಾವ ಮೂಳೆಯೂ ಜರುಗಿಲ್ಲ. ಮಗುವನ್ನು ಎತ್ತಿಕೊಳ್ಳಿ” ಎಂದರು, ವ್ಯಾಯಾಮವನ್ನೂ ಹೇಳಿಕೊಟ್ಟರು. ನೋವು ಹೋಗಲು ಮೂರು ತಿಂಗಳು ಹಿಡಿಯಿತು. ಭಯ ಮಾತ್ರ ಅಂದೇ ಹೋಯಿತು. ಹೊರಗೆ ಬಂದವಳೇ ನನ್ನ ಕೈಯಿಂದ ಮಗುವನ್ನು ತೆಗೆದುಕೊಂಡಳು. ಮನೆ ಸೇರುವವರೆಗೂ ತಿರುಗಿ ಕೊಡಲಿಲ್ಲ.